ಕೆಂಪು ನಿಲುವಂಗಿಯ ಇಟಲಿಯವಳು

ನಿನ್ನೆ ಮಂಚದ ಕೆಳಗಿನ ಟ್ರಂಕ್ ತೆರೆದೆ. ನುಸಿಗುಳಿಗೆಯ ವಾಸನೆ, ಅದರ ಬೆನ್ನಿಗೇ ಹಳೇ ಅಗ್ಗದ ಕಾಗದದ ಹುಳಿವಾಸನೆ. ಅದು ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ದುಡ್ಡು ತೆಗೆಯಲಿಕ್ಕಲ್ಲ, ಜೇಬು ಮುಚ್ಚಿಕೊಳ್ಳಲಿಕ್ಕೆ.

ಟ್ರಂಕಿನಲ್ಲಿರುವುದು ಇಟಲಿಯ ಕಾಮಿಕ್ಸ್. ಮಕ್ಕಳದ್ದಲ್ಲ, ದೊಡ್ಡವರದ್ದು. ಅಂಗೈಯಗಲದ ಪುಸ್ತಕ, ಒಳಗೆ ಕಪ್ಪು-ಬಿಳುಪು ಚಿತ್ರ. ಮುಖಪುಟದಲ್ಲಿ ಮಾತ್ರ ಬಣ್ಣದ ಪಾಳುಕೋಟೆ, ಮಿಂಚು, ತಲೆಬುರುಡೆ, ನಡುವೆ ಸಾಕಷ್ಟು ಬಟ್ಟೆಯಿಲ್ಲದ ಒಬ್ಬ ಹೆಂಗಸು. ಎಂಬತ್ತರ ದಶಕದಲ್ಲಿ ಹಡಗಿನವರು ಓದಿ ಬಿಸಾಕಿದ್ದು ಬಂದರಿನ ಪಕ್ಕದ ಫೋರ್ಟಿನ ಫುಟ್‌ಪಾತಿಗೆ ಬರುತ್ತಿತ್ತು. ಇಟಾಲಿಯನ್ ನನಗೆ ಒಂದಕ್ಷರ ಬಾರದು. ಮುಖಪುಟಕ್ಕಾಗಿ ಕೊಳ್ಳುತ್ತಿದ್ದೆ ಅಂದರೆ ನೀವು ನಗುತ್ತೀರಿ. ಹೆಂಡತಿಯೂ ನಕ್ಕಳು. ಧಾರವಾಡದವಳು, ಮುಲುಂಡಿನಲ್ಲಿ ಎಷ್ಟು ವರ್ಷವಾದರೂ ಮಾತು ಬದಲಾಗಲಿಲ್ಲ. ಕೆಂಪು ನಿಲುವಂಗಿ ಹೆಗಲಿಂದ ಜಾರುತ್ತಿದ್ದವಳ ಮುಖಪುಟ ನೋಡಿ, "ಇಷ್ಟು ಮಳಿಯೊಳಗ ಇಕಿಗೆ ಥಂಡಿ ಹತ್ತಂಗಿಲ್ಲೇನ್ರೀ?" ಅಂದಳು.

"ಅದು ಕಲೆ ಕಣೇ."

"ಹೌದೌದು. ಕಲಾನ ಟ್ರಂಕಿನ್ಯಾಗಿಟ್ಟು ಕೀಲಿ ಹಾಕ್ರಿ. ನಮ್ಮಪ್ಪ ಬರಾಂವ ಇದ್ದಾನ."

ನಿಮಗೊಂದು ಬುದ್ಧಿಮಾತು. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ. ಬೇಡದ್ದನ್ನು ಹಿಡಿದು ಗಂಟಲು ಹರಿಯುವಷ್ಟು ಚೌಕಾಶಿ ಮಾಡಿ, ಎದ್ದು ಹೊರಡುವಾಗ ಬೇಕಾದ್ದನ್ನು ಹೀಗಳೆಯಿರಿ. ಅಂಗಡಿಯವನೇ ಅದನ್ನು ನಿಮ್ಮ ಚೀಲಕ್ಕೆ ತುರುಕುತ್ತಾನೆ. ಕಾರ್ಖಾನೆಗಳಿಗೆ ಬೇರಿಂಗ್ ಮಾರುತ್ತ ವಿಕ್ರೋಳಿಯಿಂದ ಜೋಗೇಶ್ವರಿಯವರೆಗೆ ಚಪ್ಪಲಿ ಸವೆಸಿ ಕಲಿತ ವಿದ್ಯೆ ಇದು.

ಜೋಗೇಶ್ವರಿಯ ಬಾಬುಭಾಯಿಯ ರದ್ದಿ ಅಂಗಡಿಗೆ ಒಮ್ಮೆ ಒಬ್ಬ ಇಟಲಿಯ ಎಂಜಿನಿಯರನ ಸಾಮಾನು ಬಂತು. ಯಂತ್ರ ಕೂರಿಸಲು ಬಂದವನು ಊರಿಗೆ ಮರಳುವಾಗ ಬಿಟ್ಟುಹೋದದ್ದು. ಟೇಬಲ್ ಫ್ಯಾನು, ಕಾಮಿಕ್ಸ್ ರಾಶಿ, ಮೇಲೊಂದು ರಟ್ಟು. ರಟ್ಟಿನ ಮೇಲೆ ಅವಳು! ಕೆಂಪು ನಿಲುವಂಗಿಯವಳು. ಅಚ್ಚಲ್ಲ, ಮೂಲಚಿತ್ರ. ಅಂಚಿನಲ್ಲಿ ಪೆನ್ಸಿಲ್ ಗೆರೆ, ಬಣ್ಣದಲ್ಲಿ ಕುಂಚದ ಏಳುಬೀಳು. ಅಚ್ಚಿನಲ್ಲಿ ಪುಸ್ತಕದ ಹೆಸರಿದ್ದ ಜಾಗದಲ್ಲಿ ಇಲ್ಲಿ ಬರೀ ಆಕಾಶ. ಆ ಎಂಜಿನಿಯರನಿಗೆ ಅದೆಲ್ಲಿ ಸಿಕ್ಕಿತೋ. ಅವನೂ ನನ್ನಂಥವನೇ ಇರಬೇಕು.

ನಾನು ಫ್ಯಾನಿಗೆ ಚೌಕಾಶಿ ಶುರುಮಾಡಿದೆ. ಕೊನೆಗೆ, ಕಾಮಿಕ್ಸನ್ನೂ ಕಟ್ಟಿಬಿಡು ಅಂದೆ. ಬಾಬುಭಾಯಿ ರಟ್ಟು ಎತ್ತಿ, "ಔರ್ ಯೇ, ಸೇಠ್?" ಅಂದ.

"ಕಚರಾ ಹೈ," ಅಂದೆ, ಮುಖ ತಿರುಗಿಸಿ. "ಫೇಂಕ್ ದೋ." ಕಸ, ಬಿಸಾಕು ಅಂತ.

"ಫೇಂಕ್ನಾ ಕಾಯ್ಕೂ? ಕಾಮ್ ಆಯೇಗಾ," ಬಿಸಾಕುವುದೇಕೆ, ಕೆಲಸಕ್ಕೆ ಬರುತ್ತದೆ, ಎಂದು ಆ ಪುಣ್ಯಾತ್ಮ ಸುತಳಿ ಕೊಯ್ಯುವ ಚಾಕು ತೆಗೆದ. ಬೇಡ ಎಂದು ಕೂಗಬಹುದಿತ್ತು. ಕೂಗಿದರೆ ರೇಟು ಏರುತ್ತಿತ್ತು. ಈ ಲೆಕ್ಕ ತಲೆಯಲ್ಲಿ ಮುಗಿಯುವಷ್ಟರಲ್ಲಿ ಚಾಕು ಅವಳ ಸೊಂಟ ದಾಟಿತ್ತು. ಪುಸ್ತಕದ ಮೂಲೆ ಮಡಚಿಹೋಗದಿರಲೆಂದು ಅರ್ಧ ರಟ್ಟು ಮೇಲೆ, ಅರ್ಧ ಕೆಳಗೆ ಇಟ್ಟು ಬಿಗಿಯಾಗಿ ಕಟ್ಟಿದ. "ಆಪ್‌ಕಾ ಮಾಲ್ ಖರಾಬ್ ನಹೀಂ ಹೋಗಾ, ಸೇಠ್." ರಟ್ಟಿಗೆ ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ನಾನು ಶುಕ್ರಿಯಾ ಅಂದೆ. ಇನ್ನೇನು ಅನ್ನಲಿ?

ಮನೆಯಲ್ಲಿ ಎರಡು ತುಂಡನ್ನೂ ಮುಂದಿಟ್ಟುಕೊಂಡು ಊಟ ಬಿಟ್ಟು ಕೂತೆ. ಹೆಂಡತಿ ಮೈದಾ ಅಂಟು ಕುದಿಸಿದಳು, ತನ್ನ ಹಳೇ ಸೀರೆಯ ತುಂಡನ್ನು ಹಿಂದಿನಿಂದ ಹಚ್ಚಿ ಎರಡೂ ಕೂಡಿಸಿದಳು. "ತಗೋರಿ. ಅಂತೂ ಇಕಿ ಮೈಗೆ ಒಂದ್ ಅರಿವಿ ಹತ್ತಿತು."

ನಿನ್ನೆ ಟ್ರಂಕ್ ತೆರೆಸಿದ್ದು ಬಾಂದ್ರಾದಿಂದ ಬಂದ ಒಬ್ಬ ಕನ್ನಡದ ಗಿರಾಕಿ. ಈಗ ಇಂಥವಕ್ಕೆ ಭಾರಿ ಬೇಡಿಕೆಯಂತೆ. ಅವನು ಬಹಳ ಹೊತ್ತು ಮೂಲೆ ಮುರಿದ ಯಾವುದೋ ಪುಸ್ತಕಕ್ಕೆ ಚೌಕಾಶಿ ಮಾಡಿದ. ಏಳುವಾಗ, ಅತ್ತ ನೋಡದೆಯೇ, "ಈ ಪೇಂಟಿಂಗ್ ಕಟ್ ಆಗಿದೆಯಲ್ಲ ಅಂಕಲ್, ಕಚರಾ. ಯಾರಿಗೆ ಬೇಕು? ಸುಮ್ಮನೆ ಜೊತೆಗೆ ಹಾಕಿಬಿಡಿ" ಅಂದ.

ಒಳಗೆ ಮಿಕ್ಸರ್ ನಿಂತಿತು.

"ನನಗೆ ಬೇಕು," ಅಂದೆ. ವ್ಯಾಪಾರದ ನಡುವೆ ಈ ಮಾತು ನನ್ನ ಬಾಯಿಂದ ಎಂದೂ ಬಂದದ್ದಿಲ್ಲ.

ಅವನು ಹೋದ ಮೇಲೆ ಚಿತ್ರವನ್ನು ಟ್ರಂಕಿಗೆ ಇಡಲು ಹೋದೆ. "ಮತ್ತ ಅಲ್ಲ್ಯಾಕ?" ಅಡುಗೆಮನೆಯಿಂದ ದನಿ. "ನಮ್ಮಪ್ಪ ಇನ್ನ ಮ್ಯಾಲಿಂದ ಬರಾಂವಲ್ಲ. ಗ್ವಾಡಿಗೆ ಹಾಕ್ರಿ."

ಇವತ್ತು ಬೆಳಿಗ್ಗೆ ಮೊಳೆ ತರಲು ಹೋದೆ. ಅಂಗಡಿಯವನು ಕೇಳಿದಷ್ಟು ಕೊಟ್ಟು ಬಂದೆ.