ಹಿಂದಿನ ಗಾಲಿಯ ನಿಂಬೆಹಣ್ಣು

ಹೊಸ ಗಾಡಿ ಕೊಂಡವರು ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡುತ್ತಾರೆ. ನನ್ನಪ್ಪ ಅದನ್ನು ಹಿಂದಿನ ಗಾಲಿಯ ಹಿಂದೆ ಇಡುತ್ತಿದ್ದ. ಅದು ಅಪ್ಪಚ್ಚಿಯಾಗಬಾರದು ಎಂಬುದೇ ಅವನ ಪಾಠ.

ಅಪ್ಪ ಆಟೋ ಓಡಿಸುತ್ತಿದ್ದ. ಮನೆ ಶ್ರೀರಾಂಪುರದಲ್ಲಿ, ಸ್ಟ್ಯಾಂಡು ಮಲ್ಲೇಶ್ವರದಲ್ಲಿ. ನನ್ನ ಪಿಯುಸಿ ಮುಗಿದ ರಜೆಯಲ್ಲಿ ಮಗಳಿಗೆ ಆಟೋ ಕಲಿಸಿಯೇ ಸಿದ್ಧ ಎಂದು ಹೊರಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಅಮ್ಮ ಬೇಡವೆಂದಷ್ಟೂ ಅವನ ಹುರುಪು ಹೆಚ್ಚಾಯಿತು. ಭಾನುವಾರ ಬೆಳಗ್ಗೆ ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಏರಿನಲ್ಲಿ ಗಾಡಿ ನಿಲ್ಲಿಸಿ, ಗಾಲಿಯಿಂದ ನಾಲ್ಕು ಬೆರಳು ಹಿಂದೆ ಹಣ್ಣಿಡುತ್ತಿದ್ದ. ಅದು ಉರುಳಿ ಹೋಗದ ಹಾಗೆ ಅದರ ಹಿಂದೊಂದು ಕಲ್ಲಿನ ಚೂರು.

"ಬ್ರೇಕ್ ಬಿಟ್ಟ ತಕ್ಷಣ ಗಾಡಿ ಹಿಂದಕ್ಕೆ ಜಾರುತ್ತೆ. ಅದಕ್ಕೇ ಮೊದಲು ಹಾಫ್ ಕ್ಲಚ್ಚಿಗೆ ತಗೋ. ಇಂಜಿನ್ ಭಾರ ಹೊತ್ಕೊಂಡಿದ್ದು ಕೈಗೆ ಗೊತ್ತಾಗುತ್ತೆ. ಆಮೇಲೆ ಕಾಲು ತೆಗಿ. ಹಣ್ಣು ಉಳಿದ್ರೆ ಚಿತ್ರಾನ್ನ, ಇಲ್ಲಾಂದ್ರೆ ಬರೀ ಸಾರನ್ನ."

ಇಷ್ಟು ಹೇಳಿ ಹಿಂದೆ ಸವಾರಿಯವರ ಸೀಟಿನಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಗಾಡಿ ಜಾರಿದಾಗ ನಾನು ಅಪ್ಪಾ ಹಿಡ್ಕೋ ಎಂದು ಕೂಗಿದರೆ, "ನಾನು ಬಾಡಿಗೆಗೆ ಬಂದೋನು ಕಣಮ್ಮಾ, ನಂಗೇನು ಗೊತ್ತು?" ಎಂದು ಅಂಗಡಿಗಳ ಬೋರ್ಡು ಓದುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು, "ಉಳೀತಾ?" ಮೂರು ಭಾನುವಾರ ಸಾರನ್ನವೇ ಉಂಡೆವು. ನಾಲ್ಕನೆಯ ಭಾನುವಾರ ಅಪ್ಪ ಜೇಬಿನಿಂದ ಹಣ್ಣು ತೆಗೆದು ಅಮ್ಮನ ಕೈಗಿಟ್ಟ.

ವರ್ಷಗಳಾದ ಮೇಲೆ ನಮ್ಮ ಬೀದಿಯ ಪಕ್ಕದಲ್ಲೇ ಮೆಟ್ರೊದ ಕಂಬಗಳೆದ್ದವು. ಓದು ಮುಗಿಸಿದ ನಾನು ಅದೇ ಮೆಟ್ರೊದಲ್ಲಿ ರೈಲು ಓಡಿಸುವ ಕೆಲಸಕ್ಕೆ ಸೇರಿದೆ. ಅಪ್ಪ ಸ್ಟ್ಯಾಂಡಿನಲ್ಲೆಲ್ಲ ಮೈಸೂರುಪಾಕು ಹಂಚಿದ, ಆದರೆ ರೈಲು ಹತ್ತಲು ಮಾತ್ರ ಒಲ್ಲೆ ಎಂದ. ತನ್ನ ಬಾಡಿಗೆಗಳನ್ನೆಲ್ಲ ಕಿತ್ತುಕೊಂಡ ಗಾಡಿಗೆ ತಾನೇ ಟಿಕೆಟ್ ತೆಗೆದುಕೊಳ್ಳುವುದೇ? ನನಗೆ ಒಂದೇ ಆಸೆ ಇತ್ತು. ಅವನು ಒಮ್ಮೆ ನನ್ನ ರೈಲಿನಲ್ಲಿ, ನನ್ನ ಬೆನ್ನ ಹಿಂದಿನ ಬೋಗಿಯಲ್ಲಿ ಕೂರಬೇಕು. ಮೆಜೆಸ್ಟಿಕ್ಕಿನ ಸುರಂಗದಿಂದ ಏರಿ ಬೆಳಕಿಗೆ ಬರುವಾಗ ಅವನು ಒಳಗಿರಬೇಕು.

ಒಂದು ದಿನ ಊಟಕ್ಕೆ ಕೂತಾಗ ಅವನೇ ಕೇಳಿದ. "ಏರಲ್ಲಿ ನಿಂತ್ರೆ ಹೆಂಗೆ ಎತ್ತೀಯ? ಅದಕ್ಕೆ ಕ್ಲಚ್ಚೇ ಇಲ್ವಂತಲ್ಲ."

ಟ್ರೇನಿಂಗಿನಲ್ಲಿ ಕಲಿತದ್ದನ್ನೆಲ್ಲ ಜಂಬದಿಂದ ಒಪ್ಪಿಸಿದೆ. "ನಾನು ಎತ್ತೋದೇನಿಲ್ಲಪ್ಪ. ಮೋಟಾರು ಭಾರ ಹೊರೋವರೆಗೂ ಬ್ರೇಕ್ ತಾನಾಗೇ ಹಿಡ್ಕೊಂಡಿರುತ್ತೆ. ಹಂಗೂ ಹಿಂದಕ್ಕೆ ಜಾರಿದ್ರೆ ಎಮರ್ಜೆನ್ಸಿ ಬ್ರೇಕ್ ಬಿದ್ಬಿಡುತ್ತೆ."

"ಹಂಗಾದ್ರೆ ನೀನೇನು ಮಾಡ್ತೀಯಮ್ಮಾ?"

ಅವನು ಕುಹಕಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ. "ನಿನ್ನ ಹಾಫ್ ಕ್ಲಚ್ ಕಾಲ ಮುಗೀತು ಬಿಡಪ್ಪ" ಎಂದುಬಿಟ್ಟೆ. ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು ಎದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ನಾನು ಎಷ್ಟು ಸಲ ಕರೆದರೂ, "ಬರ್ತೀನಿ, ಮುಂದಿನ ವಾರ ಬರ್ತೀನಿ" ಎನ್ನುತ್ತಿದ್ದ. ಆ ವಾರ ಬರಲಿಲ್ಲ. ಒಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ, ಆಟೋದ ಹಿಂದಿನ ಸೀಟಿನಲ್ಲಿ ಒರಗಿದವನು ಮತ್ತೆ ಏಳಲಿಲ್ಲ.

ಅವನು ಹೋಗಿ ಕೆಲವು ತಿಂಗಳಾಗಿತ್ತು. ಬೆಳಗಿನ ಜನಜಂಗುಳಿಯಲ್ಲಿ, ಸುರಂಗದಿಂದ ಮೇಲೇರುವ ಹಳಿಯ ಮೇಲೆ ನನ್ನ ರೈಲು ನಿಂತಿತು. ಮುಂದಿನ ರೈಲು ಇನ್ನೂ ನಿಲ್ದಾಣ ಬಿಟ್ಟಿರಲಿಲ್ಲ. ದಾರಿ ಸಿಕ್ಕಿದಾಗ, ಆಟೊಮ್ಯಾಟಿಕ್ಕಿನಲ್ಲಿದ್ದ ರೈಲಿನ ಮೋಟಾರು ತಾನಾಗೇ ಗುಂಯ್ಗುಟ್ಟಿತು, ಗಾಡಿ ಮಾತ್ರ ಇನ್ನೂ ಅಲುಗಲಿಲ್ಲ. ಏನಾದರೂ ಮಾಡಬೇಕೆಂದು ಕೈ ತವಕಿಸುವುದು ಆ ಒಂದು ಗಳಿಗೆಯಲ್ಲೇ. ಬೆನ್ನ ಹಿಂದೆ ಅಷ್ಟು ಜನ. ಬ್ರೇಕ್ ಬಿಟ್ಟಿತು, ರೈಲು ಮುಂದಕ್ಕೇ ಹೊರಟಿತು. ಕೆಳಗೆ ನೋಡಿದರೆ ನನ್ನ ಎರಡೂ ಕೈಗಳು ತೊಡೆಯ ಮೇಲಿದ್ದವು.

ಅಪ್ಪನ ಕೈಗಳು ಇದ್ದ ಹಾಗೆಯೇ. ಆಟೋದ ಹಿಂದಿನ ಸೀಟಿಗೆ ಬ್ರೇಕ್ ಇಲ್ಲ. ಗಾಡಿ ಜಾರಿದಾಗಲೆಲ್ಲ ಅವನ ಕಾಲು ಇಲ್ಲದ ಬ್ರೇಕನ್ನು ಎಷ್ಟು ತುಳಿದಿರಬೇಕು. ಆದರೂ ಕೈ ಹಾಕದೆ, ಬೋರ್ಡು ಓದುತ್ತ ಕೂತಿದ್ದ. ನೀನೇನು ಮಾಡ್ತೀಯಮ್ಮಾ ಎಂದರೆ, ನೀನು ಮಾಡ್ತಿದ್ದದ್ದನ್ನೇ ಅಪ್ಪಾ ಎನ್ನಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉತ್ತರ ಈಗ ಬಾಯಲ್ಲೇ ಇದೆ, ಕೇಳಿದವನಿಲ್ಲ. ಅವನು ಮತ್ತೊಮ್ಮೆ ಕೇಳಲಿ ಎಂದು ಎಷ್ಟು ಆಸೆಯಾಗುತ್ತದೆಂದರೆ, ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಆಟೋದವರ ಖಾಕಿ ಅಂಗಿ ಕಂಡರೆ ಇವತ್ತಿಗೂ ಕತ್ತು ಆ ಕಡೆ ತಿರುಗುತ್ತದೆ.

ಈ ಸಲದ ಆಯುಧಪೂಜೆಗೆ ಡಿಪೋದಲ್ಲಿ ರೈಲಿಗೆ ಬಾಳೆಕಂದು ಕಟ್ಟಿ, ಗಾಲಿಯ ಮುಂದೆ ನಿಂಬೆಹಣ್ಣು ಇಡುತ್ತಿದ್ದರು. ಅಲ್ಲಿದ್ದ ಟೆಕ್ನಿಷಿಯನ್ ಕೈಗೆ ಇನ್ನೊಂದು ಹಣ್ಣು ಕೊಟ್ಟು, ಕೊನೆಯ ಗಾಲಿಯ ಹಿಂದೆ ಇಡಿ ಎಂದೆ.

"ಮೇಡಂ, ಅಲ್ಲಿಟ್ರೆ ಹಣ್ಣು ಹಂಗೇ ಉಳ್ಕೊಳ್ಳುತ್ತಲ್ಲ?"

"ಉಳೀಬೇಕು."

ಡಿಪೋದ ಹಳಿ ಮಟ್ಟಸ, ಅಲ್ಲಿ ಜಾರುವ ಮಾತೇ ಇಲ್ಲ. ಗೊತ್ತಿದ್ದೂ ಇಡಿಸಿದೆ. ರೈಲನ್ನು ನಾಲ್ಕು ಮಾರು ಮುಂದೆ ತಂದು ನಿಲ್ಲಿಸಿದ ಮೇಲೆ ಅವರು ಹಣ್ಣು ತಂದುಕೊಟ್ಟರು.

ಮನೆಗೆ ಹೋಗಿ ಅಮ್ಮನ ಕೈಗಿಟ್ಟೆ. ಅಮ್ಮ ಅದನ್ನು ತಿರುಗಿಸಿ ನೋಡಿದಳು.

"ಉಳೀತಾ?"

"ಹೂಂ."

ಒಲೆಯ ಮೇಲೆ ಅನ್ನಕ್ಕಿಟ್ಟು ಕೇಳಿದಳು, "ಹಿಂದೆ ಯಾರು ಕೂತಿದ್ರು?"

"ಯಾರೂ ಇಲ್ಲಮ್ಮ" ಎಂದೆ. "ಖಾಲಿ ಗಾಡಿ."