ಲೈನ್‌ಮನ್ ಬಾಲರಾಜು ಮತ್ತು ಲೇಔಟಿನ ದೀಪ

ಬಾಲರಾಜುವಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರಿನವರೆಲ್ಲ ಹೇಳುತ್ತಿದ್ದರು. ಕುದೂರಿನಿಂದ ಒಳಗೆ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಸಣ್ಣ ಊರು ಅದು. ಅವನು ಅಲ್ಲಿನ ಲೈನ್‌ಮನ್. ಕರೆಂಟ್ ಹೋದರೆ ಅವನು ಎಲ್ಲರಿಗೂ ಬೇಕು, ಬಂದ ಮೇಲೆ ಯಾರಿಗೂ ಬೇಡ. ಗಾಳಿ ಮಳೆಯಲ್ಲಿ ನೆನೆದು ತಂತಿ ಕಟ್ಟಿ ಬಂದವನನ್ನು ಮರುದಿನ ಹೋಟೆಲಿನ ಮುಂದೆ ನಿಲ್ಲಿಸಿ, "ಏನ್ಲಾ, ನೆನ್ನೆ ಅಷ್ಟೊತ್ತು ಯಾಕ್ಲಾ ಕರೆಂಟ್ ತೆಗ್ದಿದ್ದೆ?" ಎಂದು ಕೇಳುವವರೇ ಹೆಚ್ಚು.

"ನಾನ್ ತೆಗೆಯೋನಲ್ಲ ಕಣಪ್ಪ, ಕೊಡೋನು," ಎಂದು ಅವನು ಗುರುಗುಟ್ಟುತ್ತಿದ್ದ. ಕೇಳಿದವರು ನಗುತ್ತಿದ್ದರು. ಅದರಿಂದ ಅವನಿಗೆ ಇನ್ನಷ್ಟು ಉರಿಯುತ್ತಿತ್ತು.

ಸಿಟ್ಟು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಕಡೆ, ಲೈನ್ ಆಫ್ ಮಾಡಿಸಿಕೊಂಡೇ ಕಂಬ ಹತ್ತಿದ್ದ. ಮೇಲಿರುವಾಗಲೇ ಯಾರೋ ಲೈನಿಗೆ ಕರೆಂಟ್ ಬಿಟ್ಟರು. ಬಾಲರಾಜು ಮೇಲಿಂದ ಕೆಳಗೆ ಬಿದ್ದ. ಎಡಗಾಲು ಮುರಿಯಿತು, ಬಲಗೈಯ ಕಿರುಬೆರಳು ಸುಟ್ಟುಹೋಯಿತು. ವಿಚಾರಣೆಗೆ ಬಂದವರು 'ನೌಕರನ ಅಜಾಗರೂಕತೆ' ಎಂದು ಬರೆದು, ಮಂಚದ ಮೇಲೆ ಮಲಗಿದ್ದವನಿಂದಲೇ ಸಹಿ ಹಾಕಿಸಿಕೊಂಡು ಹೋದರು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆಂದು ಯಾರೋ ಹೆದರಿಸಿದ್ದರು, ಹಾಕಿದ. ಸಿಟ್ಟು ಆವತ್ತು ಒಳಗೆ ಸೇರಿಕೊಂಡಿತು.

ಆ ಬೇಸಿಗೆಯೆಲ್ಲ ಅವನು ಕೆಂಪಾಪುರದ ತಾಯಿಮನೆಯ ಅಂಗಳದಲ್ಲಿ ಕಾಲು ಚಾಚಿಕೊಂಡು ಬಿದ್ದಿದ್ದ. ಹಾಗೆ ಬಿದ್ದವನ ಕಣ್ಣಿಗೆ ಕಾಣುವುದು ಆಕಾಶವೊಂದೇ. ಒಂದು ಸಂಜೆ ದಕ್ಷಿಣದ ಕಡೆ ಒಂದು ನಕ್ಷತ್ರ ಮಾತ್ರ ಉಳಿದವುಗಳ ಹಾಗೆ ಮಿನುಗದೆ, ಬೆರಳಲ್ಲಿ ಒರೆಸಿಬಿಟ್ಟ ಹಾಗೆ ಮಸುಕಾಗಿ ಕಂಡಿತು. ಕಣ್ಣುಜ್ಜಿಕೊಂಡು ನೋಡಿದ. ಮರುದಿನ ನೋಡಿದರೂ ಹಾಗೇ ಇತ್ತು. ಅದೇನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೇಳಿದವನು ಸುಹೇಲ್. ಅದೂ ಎಷ್ಟೋ ವರ್ಷಗಳ ಮೇಲೆ. ರಾಮನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಮೇಷ್ಟ್ರು ಅವನು. ಬಾಲರಾಜು ಅಲ್ಲಿ ಕೆಲಸದಲ್ಲಿದ್ದಾಗ ಅವನ ಮನೆಗೆ ಮೀಟರ್ ಬದಲಿಸಲು ಹೋಗಿ, ತಾರಸಿಯ ಮೇಲೆ ಟೆಲಿಸ್ಕೋಪ್ ನಿಲ್ಲಿಸಿದ್ದನ್ನು ಕಂಡು, ಆ ಮಸುಕು ನಕ್ಷತ್ರದ ಮಾತು ತೆಗೆದ.

"ಅದು ಒಂದು ನಕ್ಷತ್ರ ಅಲ್ಲ ಬಾಲಣ್ಣ," ಎಂದ ಸುಹೇಲ್. "ಒಮೆಗಾ ಸೆಂಟಾರಿ ಅಂತಾರೆ. ಲಕ್ಷಾಂತರ ನಕ್ಷತ್ರ ಉಂಡೆ ಕಟ್ಟಿದ ಹಾಗೆ ಒಂದೇ ಕಡೆ ಕೂತಿವೆ. ಅಷ್ಟು ದೂರದಿಂದ ನಮಗೆ ಒಂದರ ಹಾಗೆ ಕಾಣುತ್ತೆ."

ಮುಂದೆ ಸುಹೇಲ್ ದೊಡ್ಡ ಟೆಲಿಸ್ಕೋಪ್ ಕೊಂಡಾಗ ಹಳೆಯದನ್ನು ಬಾಲರಾಜುವಿಗೆ ಕೊಟ್ಟ. ಹೊಸದಾಗಿ ಕಲಿಯುವವರಿಗೆಂದೇ ಮಾಡಿದ ಸಾಧಾರಣ ಟೆಲಿಸ್ಕೋಪ್ ಅದು. ಅಂಗೈಯಗಲದ ಕನ್ನಡಿ, ತೊಡೆಯೆತ್ತರದ ಸ್ಟ್ಯಾಂಡು, ಅಲ್ಲಾಡುವ ಕೊಳವೆ. ಪೆಟ್ಟಿಗೆಯ ಮೇಲೆ ಮಾತ್ರ ಕೆಂಪು ನೀಲಿ ಬಣ್ಣ ತುಂಬಿದ ಗ್ಯಾಲಕ್ಸಿಯ ಚಿತ್ರ. ಮೊದಲ ಸಲ ನೋಡಿದಾಗ ಬಾಲರಾಜುವಿಗೆ ಕಂಡದ್ದು ಗಾಜಿಗೆ ಉಸಿರು ಬಿಟ್ಟ ಹಾಗೆ ಒಂದಿಷ್ಟು ಬೂದಿಬಣ್ಣ. ತಕ್ಷಣ ಫೋನ್ ಮಾಡಿದ.

"ಮೇಷ್ಟ್ರೇ, ಪೆಟ್ಗೆ ಮ್ಯಾಲೆ ಸುಳ್ ಚಿತ್ರ ಹಾಕವ್ರೆ. ಇಲ್ಲಿ ಬಣ್ಣನೂ ಇಲ್ಲ ಏನೂ ಇಲ್ಲ!"

"ಅದು ಕ್ಯಾಮೆರಾ ತೆಗೆದ ಚಿತ್ರ. ನಮ್ಮ ಕಣ್ಣಿಗೆ ಅಷ್ಟೇ ಕಾಣೋದು. ಮೊದಲು ಆ ಮೊಬೈಲ್ ಒಳಗಿಟ್ಟು ಬಾ. ಒಂದರ್ಧ ಗಂಟೆ ಕತ್ತಲಲ್ಲಿ ಸುಮ್ಮನೆ ಕೂತ್ಕೋ. ಆಮೇಲೆ ನೇರ ನೋಡಬೇಡ. ಒಸಿ ಪಕ್ಕಕ್ಕೆ ನೋಡು, ಆಗ ಕಾಣುತ್ತೆ."

ಪಕ್ಕಕ್ಕೆ ನೋಡಿದರೆ ಕಾಣುವುದೆಂದರೇನು ಎಂದು ಗೊಣಗುತ್ತಲೇ ಕೂತ. ಕಾಣಿಸಿತು. ಮುಂದಿನ ಚಳಿಗಾಲಕ್ಕೆ ಕೃತ್ತಿಕೆಯ ಗುಂಪು, ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿ ಹೊಗೆಯಂತೆ ಹರಡಿದ ನೀಹಾರಿಕೆ, ದೇವಯಾನಿ ಗ್ಯಾಲಕ್ಸಿಯ ತೇಪೆಯಂಥ ಬೆಳಕು ಎಲ್ಲವನ್ನೂ ತಾನೇ ಹುಡುಕಿಕೊಳ್ಳುವಷ್ಟಾದ. "ಒಬ್ಬರ ಮೇಲೂ ಕೂಗಾಡದೆ ಇಷ್ಟೊತ್ತು ಕೂತಿದ್ದನ್ನ ಮದ್ವೆ ಆದ್ಮೇಲೆ ಇದೇ ಮೊದ್ಲು ನೋಡ್ತಿರೋದು," ಎಂದು ಹೆಂಡತಿ ರಮ್ಯಾ ಹೇಳಿದಳು.

ಅಷ್ಟರಲ್ಲಿ ಲೇಔಟ್ ಬಂತು.

ಅವನ ಮನೆಯ ದಕ್ಷಿಣಕ್ಕಿದ್ದ ಹೊಲವನ್ನು ಪುಟ್ಟಸ್ವಾಮಿ ಕೊಂಡುಕೊಂಡು ಸೈಟು ಮಾಡಿದ. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವನು, ಊರಿನಲ್ಲಿ ಅವನ ಮಾತು ನಡೆಯುತ್ತಿತ್ತು. ಒಂದು ಮನೆಯೂ ಎದ್ದಿರಲಿಲ್ಲ. ಕಲ್ಲು ನೆಟ್ಟು, ಕಮಾನು ಕಟ್ಟಿ, ನಡುವೆ ಒಂದು ಹೈಮಾಸ್ಟ್ ಕಂಬ ನಿಲ್ಲಿಸಿದ್ದ. ಕೊಳ್ಳಲು ಬರುವವರಿಗೆ ದೂರದಿಂದಲೇ ಕಾಣಲೆಂದು ಕಂಬದ ತುದಿಯ ನಾಲ್ಕು ದೀಪಗಳನ್ನೂ ಮೇಲ್ಮುಖ ಮಾಡಿಸಿದ್ದ, ಅದಕ್ಕೆಲ್ಲ ಜನರೇಟರ್ ಇದೆ ಎನ್ನುತ್ತಿದ್ದ. ಕತ್ತಲಾದರೆ ಖಾಲಿ ಸೈಟುಗಳ ಮೇಲೆ ಹಗಲಾಗುತ್ತಿತ್ತು. ದಕ್ಷಿಣದ ಆಕಾಶ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿ, ಒಮೆಗಾ ಸೆಂಟಾರಿ ಇರಬೇಕಾದ ಜಾಗದಲ್ಲಿ ಏನೂ ಉಳಿಯಲಿಲ್ಲ.

ಬಾಲರಾಜು ಸೀದಾ ಹೋಗಿ ಕೇಳಿದ. "ಅಲ್ಲ ಕಣಣ್ಣ, ಅಲ್ಲಿ ನಾಯಿನೂ ಮಲ್ಗಾಕಿಲ್ಲ. ಯಾರಿಗೆ ಅಷ್ಟು ಬೆಳಕು? ಒಸಿ ನೆಲದ ಕಡೆ ತಿರುಗ್ಸು."

ಪುಟ್ಟಸ್ವಾಮಿ ಸುತ್ತಲಿದ್ದವರನ್ನು ನೋಡಿ ನಕ್ಕ. "ನೋಡ್ರಪ್ಪ, ಕರೆಂಟಿನೋನೇ ಲೈಟು ಬ್ಯಾಡ ಅಂತಾವ್ನೆ. ಕೊಳವೆನಾಗೆ ಅದೇನ್ ನೋಡ್ತೀಯೋ, ಯಾರ ಮನೆ ನೋಡ್ತೀಯೋ ಯಾರಿಗ್ಗೊತ್ತು!"

ಬಾಲರಾಜುವಿನ ನೆತ್ತಿಗೆ ರಕ್ತ ಏರಿತು. "ನಾಲ್ಗೆ ಬಿಗಿ ಹಿಡ್ದು ಮಾತಾಡು. ಇನ್ನೊಂದ್ಸಲ ಅಂದ್ರೆ ನಿನ್ ಲೈಟು ನಾನೇ ಕಿತ್ತಾಕ್ತೀನಿ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿ ಬಂದ.

ಮೇ ತಿಂಗಳ ಅಮಾವಾಸ್ಯೆಯ ಆಸುಪಾಸು ಪುಟ್ಟಸ್ವಾಮಿ ಸೈಟು ಮಾರಲು ಲೇಔಟಿನಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡ. ಶಾಮಿಯಾನ, ಮೈಕು, ಸೀರಿಯಲ್ ಸೆಟ್ಟು, ಐಸ್‌ಕ್ರೀಮ್ ಗಾಡಿ. ಮಧ್ಯಾಹ್ನ ಮಳೆ ಬಂದು ಧೂಳು ಅಡಗಿತ್ತು. ಡ್ಯೂಟಿ ಮುಗಿಸಿ ಬಂದ ಬಾಲರಾಜು ಆಕಾಶ ತೊಳೆದಂತಿರುವುದನ್ನು ಕಂಡು, ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ ಹಟಕ್ಕೆ ಬಿದ್ದವನಂತೆ ಟೆಲಿಸ್ಕೋಪನ್ನು ಅಂಗಳಕ್ಕೆ ತಂದು ದಕ್ಷಿಣಕ್ಕೇ ತಿರುಗಿಸಿದ. ಊಟದ ಹೊತ್ತು. ಢಂ ಎಂದು ಒಂದು ಸದ್ದಾಯಿತು. ಮೈಕು ನಿಂತಿತು. ಲೇಔಟು, ಬೀದಿ, ಮನೆಗಳು ಎಲ್ಲ ಒಟ್ಟಿಗೆ ಕತ್ತಲಾದವು.

ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಅವನಿಗೆ ಸದ್ದಿನಲ್ಲೇ ಗೊತ್ತಾಯಿತು. ಏಳಬೇಕು ಎಂದುಕೊಂಡ. ಆದರೆ ತಲೆಯೆತ್ತಿದರೆ ಆಕಾಶ ತುಂಬಿ ನಿಂತಿತ್ತು. ಶಿಲುಬೆಯಾಕಾರದ ತ್ರಿಶಂಕು, ಅದರ ಪಕ್ಕದ ಜೋಡಿ ನಕ್ಷತ್ರ, ಅಲ್ಲಿಂದ ಮೇಲೆ ಆ ಒರೆಸಿದ ಚುಕ್ಕೆ. ಕೊಳವೆಯನ್ನು ಒಂಚೂರು ಸರಿಸಿ ಕಣ್ಣಿಟ್ಟ. ದುಂಡಗಿನ ಬೆಳಕಿನ ಉಂಡೆ. ಅಂಚಿನಲ್ಲಿ ರವೆ ಉದುರಿದ ಹಾಗೆ ಸಣ್ಣ ಸಣ್ಣ ಕಾಳು. ತಾಯಿಮನೆಯ ಅಂಗಳದಲ್ಲಿ ಮಲಗಿದ್ದಾಗ ಕಂಡದ್ದು ಇದೇ. ಅವನು ನೋಡುತ್ತಲೇ ಇದ್ದ. ಬೀದಿಯಲ್ಲಿ ಯಾರೋ ಟಾರ್ಚ್ ಹಿಡಿದು ಹೋದರು, ಅವನಿಗೆ ಪರಿವೆಯೇ ಇಲ್ಲ. ಫೋನ್ ಬಡಿದುಕೊಂಡ ಮೇಲೆ ಎದ್ದು ಬೈಕ್ ಹತ್ತಿದ. ಟ್ರಾನ್ಸ್‌ಫಾರ್ಮರ್ ಹೊಗೆಯಾಡುತ್ತಿತ್ತು, ಎಣ್ಣೆ ಸೋರುತ್ತಿತ್ತು.

ಬದಲಿ ಟ್ರಾನ್ಸ್‌ಫಾರ್ಮರ್ ಬೇಗ ಬರಲಿಲ್ಲ. ನೀರಿನ ಟ್ಯಾಂಕು ಖಾಲಿಯಾಯಿತು, ಬೋರ್‌ವೆಲ್ ನಿಂತವು. ಜನ ಕುದಿಯುತ್ತಿದ್ದರು. ಹೋಟೆಲಿನ ಮುಂದೆ ಪುಟ್ಟಸ್ವಾಮಿ, "ಟ್ರಾನ್ಸ್‌ಫಾರ್ಮರ್ ತಾನಾಗೇ ಸುಟ್ಕೊಂತದಾ? ನಕ್ಷತ್ರ ನೋಡಾಕೆ ಏನೋ ಮಾಡಾಕೋಗಿ ಸುಟ್ಟಾಕವ್ನೆ. ಊರೆಲ್ಲ ಕತ್ಲಾಗಿದ್ರೆ ಇವ್ನು ಕೊಳವೆ ನೋಡ್ಕಂಡು ಕುಂತಿದ್ದ, ಕಂಡೋರವ್ರೆ," ಎಂದ. ಕಿತ್ತು ಹಾಕುತ್ತೇನೆಂದು ಬಾಲರಾಜು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ದೂರು ಹೋಯಿತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಆಫೀಸಿನಿಂದ ಹೇಳಿದರು.

ಅವನು ಊಟ ಬಿಟ್ಟ. ಅಂಗಳದಲ್ಲಿ ಅತ್ತಿಂದಿತ್ತ ಕುಂಟುತ್ತ ಓಡಾಡಿದ. ಪಂಚಾಯ್ತಿ ಅಧ್ಯಕ್ಷ ಮುನಿರಾಮಯ್ಯ ರಾಜಿ ಮಾಡಿಸಲು ಮನೆಗೇ ಬಂದರು.

"ನೋಡಪ್ಪ ಬಾಲ್ರಾಜು, ಊರ್ ಮುಂದೆ ತಪ್ಪಾಯ್ತು ಅಂದ್ಬುಡು. ಆ ಕೊಳವೆನೂ ಯಾರಿಗಾರ ಕೊಟ್ಬುಡು. ಪುಟ್ಟಸ್ವಾಮಿ ಕಂಪ್ಲೇಂಟ್ ವಾಪಸ್ ತಗಂತಾನೆ. ನಾನ್ ಮಾತಾಡಿವ್ನಿ."

"ಮಾಡ್ದಿರೋ ತಪ್ಪಿಗೆ ಒಂದ್ಸಲ ಸಹಿ ಹಾಕಿವ್ನಿ ಗೌಡ್ರೇ," ಎಂದ ಬಾಲರಾಜು. "ಅವತ್ತಿಂದ ಇವತ್ತಿನಗಂಟ ಒಂದ್ ದಿನನೂ ನೆಟ್ಟಗೆ ನಿದ್ದೆ ಮಾಡಿಲ್ಲ. ಇನ್ನೊಂದ್ಸಲ ಹಾಕಾಕಿಲ್ಲ. ಕೆಲ್ಸ ಓದ್ರೆ ಓಗ್ಲಿ."

ಮುನಿರಾಮಯ್ಯ ರಮ್ಯಾಳ ಕಡೆ ತಿರುಗಿ, "ನೀನಾರ ಹೇಳವ್ವ," ಎಂದರು.

"ಕಾಫಿ ಕುಡ್ದು ಹೋಗಿ ಗೌಡ್ರೇ," ಎಂದಳು ರಮ್ಯಾ.

ವಿಚಾರಣೆ ಪಂಚಾಯ್ತಿ ಕಟ್ಟಡದ ಮುಂದೆ ನಡೆಯಿತು. ಮಾಗಡಿ ಕಡೆಯಿಂದ ಬಂದ ಎಂಜಿನಿಯರ್ ಕೇಳಿದರು: "ಕರೆಂಟ್ ಹೋದಾಗ ಏನ್ ಮಾಡ್ತಿದ್ರಿ?"

"ಟೆಲಿಸ್ಕೋಪ್ ನೋಡ್ತಿದ್ದೆ ಸಾರ್."

ಜನ ಹೋ ಎಂದರು. ಬಾಲರಾಜು ದನಿ ಏರಿಸಿದ. "ಹೌದು, ನೋಡ್ದೆ! ಡ್ಯೂಟಿ ಮುಗ್ದಿತ್ತು. ನಾನು ಕರೆಂಟ್ ತೆಗ್ದು ನೋಡ್ಲಿಲ್ಲ, ಹೋಗಿತ್ತು, ನೋಡ್ದೆ. ಅದನ್ನ ಯಾರ್ ಮುಂದೆ ಬೇಕಾದ್ರೂ ಹೇಳ್ತೀನಿ. ನೀವು ಸುಟ್ಟೋಗಿರೋ ಟ್ರಾನ್ಸ್‌ಫಾರ್ಮರ್ ಬಿಚ್ಚಿಸಿ ನೋಡಿ ಸಾರ್. ಎಷ್ಟು ಲೋಡ್ ಎಳ್ದವ್ರೆ, ಯಾರ್ ಎಳ್ದವ್ರೆ ಅಂತ ಕೇಳಿ."

"ನಮ್ ಲೇಔಟಿಗೆ ಜನರೇಟರ್ ಐತೆ ಸಾರ್," ಎಂದ ಪುಟ್ಟಸ್ವಾಮಿ, ಕೇಳುವ ಮೊದಲೇ. "ಊರಿನ ಕರೆಂಟಿಗೂ ನಮ್ಗೂ ಸಂಬಂಧನೇ ಇಲ್ಲ."

ಆಗ ಹಿಂದಿನಿಂದ ಚಿಕ್ಕಲಕ್ಷ್ಮಮ್ಮ ಎದ್ದು ನಿಂತಳು. ಲೇಔಟಿನ ಪಕ್ಕದಲ್ಲೇ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಹೆಂಗಸು, ಗಂಡ ತೀರಿಕೊಂಡ ಮೇಲೆ ಎಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ತೋಟಕ್ಕೆ ನೀರಿಲ್ಲವೆಂದು ಬಾಲರಾಜುವಿಗೆ ಬೈಯಲೆಂದೇ ಬಂದಿದ್ದವಳು.

"ಜನರೇಟ್ರಾ? ಮತ್ತೆ ನಿನ್ ಜನರೇಟ್ರು ವೈರು ನನ್ ತೋಟದಾಗೆ ಯಾಕಪ್ಪ ಮಲ್ಗಿತ್ತು? ಟ್ರಾನ್ಸ್‌ಫಾರ್ಮರ್ ಕಂಬದಿಂದ ಹಾವಿನಂಗೆ ಬಂದಿತ್ತಲ್ಲ! ಢಂ ಅಂದೇಟಿಗೆ ನಿನ್ ಆಳುಗಳೇ ಬಂದು ಸುತ್ಕಂಡ್ ಓದ್ರು. ನನ್ ಗಿಡ ಎಲ್ಲ ತುಳ್ದಾಕವ್ರೆ."

ಪುಟ್ಟಸ್ವಾಮಿ, "ವಯಸ್ಸಾದೋರು, ಏನೋ ಕಂಡವ್ರೆ," ಎಂದು ಶುರು ಮಾಡಿದ.

"ಯಾರ್ಲಾ ವಯಸ್ಸಾದೋಳು? ರೇಷ್ಮೆ ಹುಳ ಸಾಕ್ತೀನಿ ನಾನು, ನನ್ ಕಣ್ಣು ನೆಟ್ಟಗೈತೆ!" ಎಂದು ಅವಳು ಗದರಿ, ಬಾಲರಾಜುವಿನ ಕಡೆ ತಿರುಗಿದಳು. "ಆ ವೈರು ನೀನೇ ಹಾಕ್ಕೊಟ್ಟಿದ್ದೀಯ ಅಂದ್ಕಂಡಿದ್ದೆ ಕಣ್ಲಾ. ಅದ್ಕೇ ನಿನ್ನ ಬೈಯಾಕ್ ಬಂದೆ."

ಎಂಜಿನಿಯರ್ ಎದ್ದು ತೋಟಕ್ಕೆ ನಡೆದರು. ಹಿಂದೆ ಊರೆಲ್ಲ ಹೋಯಿತು. ತುಳಿದ ಗಿಡಗಳ ಸಾಲು ಲೇಔಟಿನ ತನಕ ನೇರ ಹೋಗಿತ್ತು. ಕಂಬದ ಹತ್ತಿರ, ವೈರು ಕೊಕ್ಕೆ ಹಾಕಿದ ಕಡೆ, ತಂತಿ ಕಪ್ಪಾಗಿ ಕರಗಿತ್ತು. ಆಮೇಲೆ ಟ್ರಾನ್ಸ್‌ಫಾರ್ಮರ್ ಬಿಚ್ಚಿದಾಗಲೂ ಲೋಡು ತಡೆಯದೆ ಸುಟ್ಟದ್ದೆಂದೇ ಗೊತ್ತಾಯಿತು.

ಬಾಲರಾಜುವನ್ನು ಮತ್ತೆ ಕೆಲಸಕ್ಕೆ ಕರೆದರು. ಊರಿನಲ್ಲಿ ಒಬ್ಬರೂ ತಪ್ಪಾಯ್ತು ಎನ್ನಲಿಲ್ಲ. "ಆಯ್ತಲ್ಲ ಬುಡ್ಲಾ," ಎಂದರು. ಅವನಿಗೆ ಅದು ಬಿಡುವಂಥದ್ದಾಗಿರಲಿಲ್ಲ. ಪುಟ್ಟಸ್ವಾಮಿ ದಂಡ ಕಟ್ಟಿ, ಅರ್ಜಿ ಹಾಕಿ, ಲೇಔಟಿಗೆ ಸರಿಯಾದ ಕನೆಕ್ಷನ್ ತೆಗೆದುಕೊಂಡ. ಅದನ್ನು ಕೊಡಲು ಹೋಗಬೇಕಾದವನು ಬಾಲರಾಜುವೇ.

"ಈಗ್ಲಾರ ದೀಪ ನೆಲದ ಕಡೆ ತಿರುಗ್ಸಣ್ಣ," ಎಂದ, ಹಲ್ಲು ಕಚ್ಚಿಕೊಂಡು.

"ಅಂಗಂತ ರೂಲ್ಸಿನಾಗೈತಾ?"

"ಇಲ್ಲ."

"ಮತ್ತೆ ಕೊಡು ಕರೆಂಟು."

ಕೊಟ್ಟ. ಪ್ರತಿ ನಟ್ಟನ್ನೂ ಎರಡೆರಡು ಸಲ ಬಿಗಿದ. ನಾಳೆ ಅದು ಸಡಿಲವಾದರೆ ಯಾರ ಹೆಸರು ಬರುತ್ತದೆಂದು ಅವನಿಗೆ ಗೊತ್ತಿತ್ತು. ಸಂಜೆ ದಕ್ಷಿಣ ಮತ್ತೆ ಬೆಳ್ಳಗಾಯಿತು, ಈ ಸಲ ಕಾನೂನು ಪ್ರಕಾರ. ಮನೆಗೆ ಬಂದು ಬಾಗಿಲನ್ನು ಎಷ್ಟು ಜೋರಾಗಿ ಹಾಕಿದನೆಂದರೆ ಗೋಡೆಯ ಕ್ಯಾಲೆಂಡರ್ ಬಿತ್ತು.

ಮುಂದಿನ ಅಮಾವಾಸ್ಯೆಗೆ ಮಳೆಮೋಡದ ನಡುವೆ ಒಂದು ಸಂಜೆ ಬಿಡುವಾಯಿತು. ರಮ್ಯಾ ಕೊಳವೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೈಕಿನ ಹಿಂದೆ ಕೂತಳು. ಚಿಕ್ಕಲಕ್ಷ್ಮಮ್ಮನ ಹುಳದ ಮನೆ ಲೇಔಟಿನಿಂದಾಚೆ ದಕ್ಷಿಣಕ್ಕಿತ್ತು, ಅದರ ಗೋಡೆ ಎತ್ತರ, ಅದರ ಮರೆಯಲ್ಲಿ ಲೇಔಟಿನ ದೀಪ ಬೀಳುತ್ತಿರಲಿಲ್ಲ. "ಗಿಡ ತುಳ್ದೀಯ ಜ್ವಾಕೆ," ಎಂದು ಗೊಣಗಿಕೊಂಡೇ ಚಿಕ್ಕಲಕ್ಷ್ಮಮ್ಮ ಜಾಗ ತೋರಿಸಿದಳು. ಬಾಲರಾಜು ಆ ನಕ್ಷತ್ರದ ಉಂಡೆಯನ್ನು ಹುಡುಕಿ, ಗುರಿಯಿಟ್ಟು, ಅವಳನ್ನು ಕರೆದ.

"ಏನೂ ಕಾಣಾಕಿಲ್ಲ. ನನ್ ರೆಪ್ಪೆನೇ ಕಾಣ್ತದೆ."

"ನೇರ ನೋಡ್ಬ್ಯಾಡಿ ಅಕ್ಕ, ಒಸಿ ಪಕ್ಕಕ್ಕೆ."

"ಪಕ್ಕಕ್ಕೆ ನೋಡಿದ್ರೆ ನೀನ್ ಕಾಣ್ತೀಯ." ಆಮೇಲೆ ಕೊಳವೆಗೆ ಇನ್ನಷ್ಟು ಬಗ್ಗಿದಳು. "ಅಯ್! ಬೆಳ್ಳಗೆ ಬೂಷ್ಟು ಹಿಡ್ದಂಗೈತೆ."

"ಬೂಷ್ಟಾ? ಲಕ್ಷಾಂತರ ನಕ್ಷತ್ರ ಅಕ್ಕ ಅದು!" ಎಂದು ಬಾಲರಾಜು ರೇಗಿದ.

"ನಂಗ್ ಕಂಡಿದ್ದ ಹೇಳ್ದೆ. ನನ್ ಮ್ಯಾಲ್ಯಾಕ್ಲಾ ಕೂಗ್ತೀಯ?" ಎಂದು ಅವಳೂ ರೇಗಿದಳು. ಆದರೆ ಕಣ್ಣು ತೆಗೆಯಲಿಲ್ಲ. ತನ್ನ ಸರದಿಗೆ ಅವನು ಕಾಯಬೇಕಾಯಿತು.

ಈಗ ಪಂಚಾಯ್ತಿ ಸಭೆ ಇದ್ದಾಗಲೆಲ್ಲ ಬಾಲರಾಜು ಹೋಗುತ್ತಾನೆ. ಊರಿನ ಯಾವ ದೀಪವೂ ಆಕಾಶಕ್ಕೆ ಮುಖ ಮಾಡಬಾರದು ಎಂದು ನಿರ್ಣಯ ಮಾಡಿ ಎನ್ನುತ್ತಾನೆ. ಇನ್ನೂ ಮಾಡಿಲ್ಲ. ಅವನು ಬರುವುದನ್ನು ಕಂಡರೆ ಮುನಿರಾಮಯ್ಯ ಚಹಾ ಲೋಟ ಕೆಳಗಿಟ್ಟು, "ಬಂದ್ನಪ್ಪ ಕತ್ಲೆ ಕೇಳೋನು," ಎನ್ನುತ್ತಾರೆ.

"ಬಂದೆ," ಎನ್ನುತ್ತಾನೆ ಬಾಲರಾಜು, ಕುರ್ಚಿಯನ್ನು ಕರ್ ಎಂದು ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಾನೆ.