ಹನ್ನೊಂದು ಹೆಸರಿಗಾಗಿ ಕುರುಗೋಡಿಗೆ

ಶನಿವಾರ ಬೆಳಿಗ್ಗೆ 7.10ಕ್ಕೆ ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆವು. ನನಗೂ ಹುಲಿಗೆಮ್ಮಕ್ಕನಿಗೂ ಸೊನ್ನೆ ಟಿಕೆಟ್. ಕಿಟಕಿ ಪಕ್ಕದ ಸೀಟು ಅವಳಿಗೆ. ಬಳ್ಳಾರಿಯ ಪಾರ್ವತಿನಗರದಲ್ಲಿ ದಲಿತ ವರದಿಗಾರರಿಗಾಗಿ ನಡೆಯುತ್ತಿದ್ದ ಮೂರು ದಿನದ ತರಬೇತಿಯಲ್ಲಿ ಅದು ಎರಡನೇ ದಿನ. ಅಮೆರಿಕದ ಕಪ್ಪು ಪತ್ರಕರ್ತರು ತಮ್ಮವರಿಗೆ ತಾವೇ ಹೀಗೆ ಕಲಿಸುವುದನ್ನು ನೋಡಿ ಬಂದಿದ್ದ ನಮ್ಮ ಮೇಡಂ ಇದನ್ನು ಏರ್ಪಡಿಸಿದ್ದರು. ಅವರ ನಿಯಮ ಒಂದೇ: ಮಾತಾಡಿದವರಿಗೆಲ್ಲ ಸುದ್ದಿಯಲ್ಲಿ ಹೆಸರಿರಬೇಕು, ‘ಮತ್ತಿತರರು’ ಎಂದು ಮುಗಿಸುವಂತಿಲ್ಲ.

ಮೇಡಂ ಒಪ್ಪಿದ ವರದಿ ಭಾನುವಾರದ ಪತ್ರಿಕೆಯಲ್ಲಿ ಬರೆದವರ ಹೆಸರಿನೊಂದಿಗೆ ಬರಲಿತ್ತು. ಹುಲಿಗೆಮ್ಮಕ್ಕ ಆರು ವರ್ಷದಿಂದ ಸುದ್ದಿ ಕಳಿಸುತ್ತಿದ್ದಳು. ಅವಳ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ನಮ್ಮಿಬ್ಬರಿಗೆ ಸಿಕ್ಕ ವಿಷಯ ಭತ್ತದ ನಾಟಿ; ಬರೆಯುವುದು ಅವಳ ಪಾಲು, ಟಿಪ್ಪಣಿ ನನ್ನ ಪಾಲು.

ಸಿರುಗುಪ್ಪದ ಆಚೆಯ ಗದ್ದೆಯಲ್ಲಿ ಕುರುಗೋಡಿನ ಹೆಂಗಸರು ಭತ್ತ ನಾಟಿ ಮಾಡುತ್ತಿದ್ದರು. ಹಗ್ಗ ಕಟ್ಟದೆಯೂ ಸಾಲು ನೆಟ್ಟಗಿತ್ತು. ಅವರೊಂದಿಗೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವರು ಮಾತಾಡಿದರು, ನಾನು ಬರೆದುಕೊಂಡೆ: ಹೆಂಗಸರು ಹನ್ನೊಂದು, ಸಸಿ ಕಟ್ಟು ಅರವತ್ತನಾಲ್ಕು, ನೀರು ಕುಡಿಯಲು ನಿಂತದ್ದು ಮೂರು ಸಲ.

ಮಧ್ಯಾಹ್ನ ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಹುಲಿಗೆಮ್ಮಕ್ಕ ನನ್ನ ಟಿಪ್ಪಣಿ ಪುಸ್ತಕ ತೆರೆದಳು.

“ಹೆಸರು ಎಲ್ಲಿ ಅದಾವ?”

ಪುಟ ತಿರುವಿದೆ. ಇರಲಿಲ್ಲ.

“ಸಸಿ ಕಟ್ಟು ಎಣಿಸಿದಿ, ನಿನ್ನ ಹೆಸರೇನಂತ ಒಬ್ಬಾಕಿನ್ನೂ ಕೇಳಲಿಲ್ಲ. ನಾಳಿ ನಂದೂ ಬರಂಗಿಲ್ಲ ತಗಿ,” ಎಂದಳು. ಕೊನೆಯ ಮಿರ್ಚಿಯನ್ನು ನನ್ನತ್ತ ತಳ್ಳಿದಳು.

ಆಟೊದಲ್ಲಿ ಮತ್ತೆ ಗದ್ದೆಗೆ ಹೋದರೆ ಕೆಲಸ ಮುಗಿಸಿ ಅವರು ಊರಿಗೆ ಹೊರಟಾಗಿತ್ತು. ಸಂಜೆ ಏಳು ಗಂಟೆಯೊಳಗೆ ವರದಿ ಕಳಿಸಬೇಕು. ಕುರುಗೋಡಿನ ಬಸ್ಸು ಹಿಡಿದೆವು.

5.40ಕ್ಕೆ ಇಳಿದು ಕೇಳುತ್ತ ಹೋದೆವು. ನಲ್ಲಿಯ ಹತ್ತಿರ ಅವರೆಲ್ಲ ಕೆಸರು ಕಾಲು ತೊಳೆಯುತ್ತಿದ್ದರು. ಗುಂಪಿನ ಹಿರಿಯಳು ಸೊಂಟಕ್ಕೆ ಕೈ ಇಟ್ಟು ನಿಂತಳು.

“ಪೇಪರ್‌ನಾಗ ಹೆಸರು ಬಂದ್ರ ರೇಷನ್ ಕಾರ್ಡ್ ರದ್ದಾಗ್ತತೇನು?”

“ಇಲ್ಲ ಯವ್ವಾ,” ಎಂದು ನಾನು ಪುಸ್ತಕ ತೆರೆದೆ.

“ಹಂಗಾರ ಬರಿ. ಈರಮ್ಮ. ದಪ್ಪಗೆ ಬರಿ, ನಮ್ಮ ಅತ್ತಿಗೂ ಕಾಣ್ಲಿ.”

ಹನ್ನೊಂದು ಹೆಸರು ಸಿಕ್ಕವು. ಬಳ್ಳಾರಿಯ ಬಸ್ಸಿನಲ್ಲಿ ಹುಲಿಗೆಮ್ಮಕ್ಕ ಮೊಬೈಲ್‌ನಲ್ಲೇ ವರದಿ ಬರೆದು 6.52ಕ್ಕೆ ಕಳಿಸಿದಳು. ಮೇಡಂ ಒಪ್ಪಿದರು. ಆಮೇಲೆ ಪತ್ರಿಕೆಯ ಡೆಸ್ಕಿನಿಂದ ಫೋನ್ ಬಂತು: ನಾಲ್ಕು ಸಾಲು ಹೆಚ್ಚಾಗಿದೆ, ಮೂರು ಹೆಸರು ಸಾಕು, ಉಳಿದವರು ‘ಮತ್ತಿತರರು’ ಆಗಲಿ.

“ಹೆಸರು ಮುಟ್ಟಬ್ಯಾಡ್ರಿ ಸರ್. ನಾಲ್ಕು ಸಾಲು ನಾನ ತೆಗೀತೀನಿ,” ಎಂದಳು. ತೆಗೆದದ್ದು ಸಸಿ ಕಟ್ಟಿನ, ನೀರಿನ ಲೆಕ್ಕ. “ನಿನ್ನ ಎಣಿಕಿ ಎಲ್ಲಾ ಹೋತು ನೋಡವಾ,” ಎಂದು ನನ್ನ ಭುಜ ತಟ್ಟಿದಳು.

ಭಾನುವಾರ ಬೆಳಿಗ್ಗೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಎರಡು ಪತ್ರಿಕೆ ಕೊಂಡೆವು. ಅವಳು ಒಂದನ್ನು ಮಡಿಚಿ ಕುರುಗೋಡಿನ ಬಸ್ಸಿನ ಕಂಡಕ್ಟರ್ ಕೈಗಿಟ್ಟಳು. “ನಲ್ಲಿ ಹತ್ರದ ಈರಮ್ಮಗ ಮುಟ್ಟಸ್ರಿ.” ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಳು. ಆಮೇಲಷ್ಟೇ ತನ್ನ ಪ್ರತಿ ಬಿಚ್ಚಿದಳು. ನಾನು ಬೆರಳಿಟ್ಟು ಎಣಿಸಿದೆ. ಕೆಳಗೆ ಹನ್ನೊಂದು, ಮೇಲೆ ಹುಲಿಗೆಮ್ಮ. ಹನ್ನೆರಡು.